ಎಡತೊಡೆಯ ಕೊನೆಯ ದಾರಿ

ಬೆಳಗಿನ ಮೊದಲ ಟೌನ್ ಬಸ್ಸು ಕಾಮಯಗೌಂಡನಪಟ್ಟಿಯಲ್ಲಿ ನಿಂತಾಗ ಕತ್ತಲೆ ಇನ್ನೂ ಪೂರ್ತಿ ಹರಿದಿಲ್ಲ. ಗಡಿಯಾಚೆಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರು ತಲೆಗೆ ಟವೆಲ್ ಸುತ್ತಿ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಜೀಪಿಗೆ ಕಾದು ಕೂತಿದ್ದಾರೆ. ಎಲ್ಲರೂ ಊರು ಬಿಡುವ ಈ ಹೊತ್ತಿನಲ್ಲಿ ಊರೊಳಕ್ಕೆ ಬರುವವರು ಮುತ್ತುಮಾರಿ ಒಬ್ಬರೇ. ಹೆಗಲಿಗೆ ಮಗಳ ಶಾಲೆಯ ಹಳೆಯ ಚೀಲ. ಅದರ ಮೇಲಿನ ಬೆಕ್ಕಿನ ಚಿತ್ರಕ್ಕೆ ಈಗ ಮೀಸೆ ಮಾತ್ರ ಉಳಿದಿದೆ. ಒಳಗೆ ಉಪ್ಪುನೀರು ತುಂಬುವ ಸಿರಿಂಜುಗಳು, ಕೈಗವಸು, ಹತ್ತಿ, ಅಂಟುಪಟ್ಟಿ.

“ಯಾರ ಮನೇಗೆ ತಾಯೀ ಊಸಿ?” ಎಂದು ಕಟ್ಟೆಯ ಮೇಲಿನ ಮುದುಕಿ ಕೇಳುತ್ತಾಳೆ. ಸೂಜಿಗೆ ಇಲ್ಲಿ ಊಸಿ ಎನ್ನುತ್ತಾರೆ.

“ನಿಂಗೇನೇ ಅಜ್ಜಿ. ಎಲ್ಲಿ, ತೋಳು ನೀಡು.”

ಜೀಪು ಬಂದಾಗ ಎಲ್ಲರಿಗಿಂತ ಮೊದಲು ಹತ್ತುವವಳು ಅದೇ ಅಜ್ಜಿ.

ನಲವತ್ತು ದಾಟಿರುವ ಮುತ್ತುಮಾರಿ ನರ್ಸು. ತೇನಿಯಿಂದ ಬತ್ತಲಗುಂಡಿಗೆ ಹೋಗುವ ರಸ್ತೆಯಲ್ಲಿ ಟ್ರಸ್ಟೊಂದು ನಡೆಸುವ ಸಣ್ಣ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅವರ ಕೆಲಸ. ಕಂಬಂ ಕಣಿವೆಯಿಂದ ದಿಂಡಿಗಲ್ಲಿನ ತನಕ, ಮೈಯಲ್ಲಿ ನಳಿಗೆ ಹಾಕಿಸಿಕೊಂಡು ಮನೆಗೆ ಹೋದ ರೋಗಿಗಳ ನಳಿಗೆಯನ್ನು ನೋಡಿಕೊಳ್ಳುವುದು ಅವರ ಪಾಲಿನ ಜವಾಬ್ದಾರಿ. ಕಿಮೋ ಔಷಧ ಕೈಯ ಸಣ್ಣ ನರಗಳನ್ನು ಸುಟ್ಟುಬಿಡುತ್ತದೆ. ಅದಕ್ಕೇ ತೋಳಿನಿಂದಲೋ ಕುತ್ತಿಗೆಯಿಂದಲೋ ಒಂದು ಮೆದು ನಳಿಗೆಯನ್ನು ದೊಡ್ಡ ರಕ್ತನಾಳದವರೆಗೂ ಇಳಿಸಿ, ತಿಂಗಳುಗಟ್ಟಲೆ ಅಲ್ಲೇ ಬಿಟ್ಟಿರುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಅದು ‘ಲೈನು’. ವಾರಕ್ಕೊಮ್ಮೆ ಉಪ್ಪುನೀರು ಹಾಯಿಸಿ, ಪಟ್ಟಿ ಬದಲಾಯಿಸದಿದ್ದರೆ ಲೈನು ಕಟ್ಟಿಕೊಳ್ಳುತ್ತದೆ, ಇಲ್ಲವೇ ಕೀವಾಗುತ್ತದೆ. ಹಾಕಿದ ಡಾಕ್ಟರ ಹೆಸರು ಫೈಲಿನಲ್ಲಿರುತ್ತದೆ. ಕಾಪಾಡಿದವರ ಹೆಸರಿಗೆ ಫೈಲಿನಲ್ಲಿ ಜಾಗವಿಲ್ಲ.

ಇವತ್ತಿನ ಮನೆ ಈಶ್ವರನ್ ಅವರದು. ಬೀದಿಯ ಕೊನೆಗೆ, ದ್ರಾಕ್ಷಿ ಚಪ್ಪರಕ್ಕೆ ಬೆನ್ನು ಹಚ್ಚಿಕೊಂಡಿದೆ. ಮುತ್ತುಮಾರಿ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಒರೆಸಿಕೊಳ್ಳುವುದಿಲ್ಲ. ಯಾರೋ ಪಿಸ್ತೂಲು ತೋರಿಸಿದವರ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ಒಳಕ್ಕೆ ನಡೆಯುತ್ತಾರೆ. ಬಾಗಿಲಲ್ಲಿ ನಿಂತಿದ್ದ ಈಶ್ವರನ್ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ.

“ಮಾವ, ನೀವು ಆಚೆ.” ನೆಂಟಸ್ತಿಕೆಯೇನಿಲ್ಲ, ಹಿರಿಯರನ್ನು ಮುತ್ತುಮಾರಿ ಕರೆಯುವುದೇ ಮಾವ, ಅತ್ತೆ ಎಂದು.

“ನಾನೇನೂ ಮುಟ್ಟೋಕಿಲ್ಲ ತಾಯೀ.”

“ಮುಟ್ಟೋದ್ ಬ್ಯಾಡ, ಉಸುರೂ ಬುಡಬ್ಯಾಡಿ. ಆಚೆ.”

ಒಳಗಿನ ಕೋಣೆಯ ಮಂಚದಲ್ಲಿ ಅವರ ಹೆಂಡತಿ ಮಾರಿಯಮ್ಮಾಳ್ ಮಲಗಿದ್ದಾರೆ. ಬಾಗಿಲು ಮುಚ್ಚಿದ ಮೇಲೆಯೇ ಸೀರೆ ಸರಿಯುತ್ತದೆ. ಎಡತೊಡೆಯ ನಡುಭಾಗದಲ್ಲಿ, ಪಾರದರ್ಶಕ ಪಟ್ಟಿಯಡಿ, ಎಳನೀರು ಹೀರುವ ಕಡ್ಡಿಗಿಂತ ಸಣ್ಣದೊಂದು ನಳಿಗೆ ಚರ್ಮದಿಂದ ಹೊರಗೆ ಬಂದಿದೆ. ಒಳಗೆ ಅದು ಚರ್ಮದ ಕೆಳಗೇ ತೊಡೆಸಂದಿಯವರೆಗೆ ಏರಿ, ಅಲ್ಲಿನ ರಕ್ತನಾಳ ಹೊಕ್ಕು, ಹೊಟ್ಟೆಯ ಹಿಂಭಾಗದಲ್ಲಿ ಹೃದಯದ ಕಡೆಗೆ ಮುಖ ಮಾಡಿ ನಿಂತಿದೆ.

ಇಷ್ಟು ಕೆಳಗಿನಿಂದ ಇಷ್ಟು ಮೇಲಕ್ಕೆ ಹೋಗುವ ಸಾಹಸವನ್ನು ಯಾರೂ ಇಷ್ಟಪಟ್ಟು ಮಾಡಿದ್ದಲ್ಲ. ತಲೆ, ಕುತ್ತಿಗೆ, ತೋಳುಗಳ ರಕ್ತವೆಲ್ಲ ಹೃದಯಕ್ಕೆ ಇಳಿಯುವುದು ಎದೆಯೊಳಗಿನ ಒಂದೇ ದೊಡ್ಡ ನಾಳದಲ್ಲಿ. ಮಾರಿಯಮ್ಮಾಳ್ ಅವರ ಎದೆಯಲ್ಲಿ ಬೆಳೆದ ಗಡ್ಡೆ ಅದನ್ನು ಹೊರಗಿನಿಂದ ಹಿಂಡಿ ಮುಚ್ಚಿದೆ. ತೋಳಿನಲ್ಲಿ ಹಾಕಿದ್ದು ಮುಂದೆ ಹೋಗುವುದಿಲ್ಲ. ಮುಖ ಊದುತ್ತದೆ, ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತವೆ. ಮೇಲಿನ ಬಾಗಿಲು ಮುಚ್ಚಿದವರಿಗೆ ಡಾಕ್ಟರುಗಳು ಕೆಳಗಿನಿಂದ ದಾರಿ ಹುಡುಕುತ್ತಾರೆ. ಕೆಳಗೂ ದಾರಿಗಳು ಬೇಕಾದಷ್ಟಿಲ್ಲ. ಒಂದು ಬಲತೊಡೆ, ಒಂದು ಎಡತೊಡೆ. ಮಾರಿಯಮ್ಮಾಳ್ ಅವರ ಬಲತೊಡೆ ಆಗಲೇ ಕೈಬಿಟ್ಟಿದೆ. ಎಡತೊಡೆಯ ಈ ಲೈನು ಇರುವ ತನಕ ಕಿಮೋ. ಇದು ಹೋದರೆ ಆಮೇಲೇನು ಎಂದು ಡಾಕ್ಟರ್ ಜನನಿಯವರನ್ನು ಕೇಳಿದರೆ, ಅವರು ಸೊಂಟದ ಹಿಂದಿನಿಂದ ಚುಚ್ಚಿ ಒಳಹೋಗುವ ಒಂದು ವಿಧಾನದ ಬಗ್ಗೆ ಹೇಳಿ, “ಅದು ಇಲ್ಲಿ ಆಗೋದಲ್ಲ. ಇವರ ಈಗಿನ ಸ್ಥಿತಿಯಲ್ಲಿ ಎಲ್ಲೂ ಆಗೋದಲ್ಲ” ಎಂದು ಕನ್ನಡಕ ಒರೆಸತೊಡಗುತ್ತಾರೆ. ಜನನಿಯವರು ಆಸ್ಪತ್ರೆಯಲ್ಲಿ ಲೈನು ಹಾಕುವವರು. ತಮಿಳಿನಲ್ಲೇ ಮಾತು. “ಹಾಕೋದು ನನಗೆ ಅರ್ಧ ಗಂಟೆ ಕೆಲಸ. ಉಳಿಸೋದು ಮುತ್ತುಮಾರಿಗೆ ಆರು ತಿಂಗಳ ಕೆಲಸ. ಆದರೆ ರೋಗಿಯ ಮನೆಯವರು ದ್ರಾಕ್ಷಿ ಬುಟ್ಟಿ ತಂದುಕೊಡೋದು ನನಗೆ.”

ಅರ್ಧ ಬುಟ್ಟಿ ಮುತ್ತುಮಾರಿಯ ಮನೆಗೆ ಹೋಗುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮುತ್ತುಮಾರಿ ಹುಟ್ಟಿದ್ದು ಬೆಟ್ಟದ ಬುಡದ ತೇವಾರಂನಲ್ಲಿ. ನೂರಾರು ವರ್ಷದ ಕೆಳಗೆ ಬಂದು ನೆಲೆಸಿದ ಕನ್ನಡ ಒಕ್ಕಲು ಮನೆತನ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಬರುವುದಿಲ್ಲ. ಈ ಬರಹವನ್ನು ಅವರಿಗೆ ಯಾರಾದರೂ ಓದಿ ಹೇಳಬೇಕಾಗುತ್ತದೆ. ಓದಿ ಹೇಳಿದರೂ, “ಇದು ಯಾವ ಊರ ಕನ್ನಡ?” ಎಂದು ಕೇಳುವುದು ಖಂಡಿತ. ದಿಂಡಿಗಲ್ಲಿನಲ್ಲಿ ನರ್ಸಿಂಗ್ ಓದಿದರು. ಗಂಡ ತಂಗರಾಜ್ ಏಲಕ್ಕಿ ತೋಟಕ್ಕೆ ಆಳುಗಳನ್ನು ಸಾಗಿಸುವ ಜೀಪಿನ ಡ್ರೈವರು. ಗಂಡ ಹೆಂಡತಿ ಇಬ್ಬರೂ ಕೋಳಿ ಕೂಗುವ ಮೊದಲೇ ಉತ್ತಮಪಾಳೆಯಂನ ಮನೆಗೆ ಬೀಗ ಹಾಕಿ ಆಚೀಚೆ ಹೊರಡುತ್ತಾರೆ. ಮುತ್ತುಮಾರಿ ಬೆಳಗ್ಗೆ ಒಂದೋ ಎರಡೋ ಮನೆ ಮುಗಿಸಿ, ಒಂಬತ್ತಕ್ಕೆ ಆಸ್ಪತ್ರೆಯ ಡ್ಯೂಟಿಗೆ ಹಾಜರಾಗಬೇಕು. ಮನೆಮನೆಗೆ ಹೋಗುವುದು ಆಸ್ಪತ್ರೆ ಹೇರಿದ ಕೆಲಸವಲ್ಲ. ಬೇಡವೆಂದೂ ಆಸ್ಪತ್ರೆ ಹೇಳಿಲ್ಲ. ಸಂಸ್ಥೆಗಳಿಗೆ ಇಂಥ ಮೌನ ಚೆನ್ನಾಗಿ ಒಗ್ಗುತ್ತದೆ.

ತೋಳಿನ ಲೈನಿನವರು ಬೇಕಾದಷ್ಟು ಮಂದಿ, ಅವರದು ದೊಡ್ಡ ತಾಪತ್ರಯವಲ್ಲ. ತೊಡೆಯ ಲೈನಿನವರು ಒಂದು ಕಾಲಕ್ಕೆ ನಾಲ್ಕೈದು ಜನ ಇದ್ದರೆ ಹೆಚ್ಚು. ಆ ನಾಲ್ಕೈದರಲ್ಲಿ ರೋಗಕ್ಕಿಂತ ಮೊದಲು ಎದುರಾಗುವುದು ನಾಚಿಕೆ. ದಿಂಡಿಗಲ್ಲಿನ ಬಾಲಮುರುಗನ್ ಬೀಗ ಮಾಡುವವರು, ಅರವತ್ತರ ಗಡುಸು ಆಸಾಮಿ. ಪರಹೆಂಗಸಿನ ಮುಂದೆ ಪಂಚೆ ಎತ್ತುವುದಿಲ್ಲ ಎಂದು ಎರಡು ವಾರ ಹಟ ಹಿಡಿದಿದ್ದರಂತೆ. ಕೊನೆಗೆ ಒಂದು ಉಪಾಯ ಕಂಡುಕೊಂಡರು. ಮುತ್ತುಮಾರಿ ಬಂದೊಡನೆ ತಮ್ಮ ಮುಖದ ಮೇಲೆಯೇ ಟವೆಲ್ ಎಳೆದುಕೊಳ್ಳುವುದು. “ನಾನ್ ನಿನ್ನ ನೋಡಲಿಲ್ಲ, ನೀನೂ ನನ್ನ ನೋಡಲಿಲ್ಲ, ಲೆಕ್ಕ ಸರಿಯಾಯ್ತು ಅಂತಿದ್ರು” ಎಂದು ಮುತ್ತುಮಾರಿ ನಗುತ್ತಾರೆ. ಆಮೇಲೆ, “ಓದ ಚಿತ್ತಿರೆ ತಿಂಗ್ಳಲ್ಲಿ ತೀರ್ಕೊಂಡ್ರು. ಆವಾಗ್ಲೂ ಮೊಕದ ಮೇಲೆ ಟವೆಲೇ” ಎನ್ನುತ್ತಾರೆ.

ಮಾರಿಯಮ್ಮಾಳ್ ಕೂಡ ಲೈನಿನ ಸುದ್ದಿಯನ್ನು ಬೀದಿಗೆ ಬಿಟ್ಟಿಲ್ಲ. ಮಂಡಿನೋವು ಎಂದು ಹೇಳಿದ್ದಾರೆ. ಪರಿಣಾಮವಾಗಿ ಕೋಣೆಯ ಗೂಡಿನಲ್ಲಿ ಹತ್ತು ಮನೆಯ ಹತ್ತು ಬಗೆಯ ಎಣ್ಣೆಯ ಸೀಸೆಗಳು ಸಾಲಾಗಿ ನಿಂತಿವೆ. ತಂದುಕೊಟ್ಟವರು ಹಚ್ಚಿದ್ದೀಯೋ ಇಲ್ಲವೋ ಎಂದು ವಿಚಾರಿಸಲು ಬರುತ್ತಾರೆ. ಹಚ್ಚಿದೆ ಎನ್ನಬೇಕು, ಕೊಂಚ ಪರವಾಗಿಲ್ಲ ಎನ್ನಬೇಕು.

“ಕ್ಯಾನ್ಸರು ಅಂತ ಗೊತ್ತಲ್ಲ ಅತ್ತೆ ಎಲ್ಲಾರ್ಗೂ?”

“ಅದು ಗೊತ್ತು ನನ್ ಕಣ್ಣೇ. ತೊಡೆ ಗೊತ್ತಿಲ್ಲ.”

ಇನ್ನು ಬಲತೊಡೆಯ ವಿಷಯ. ಇದನ್ನು ಮುತ್ತುಮಾರಿ ತಾವಾಗಿ ಹೇಳಲಿಲ್ಲ, ಕೇಳಿದಾಗ ಮುಚ್ಚಿಡಲೂ ಇಲ್ಲ.

ಮೊದಲ ಲೈನು ಹಾಕಿದ್ದು ಬಲತೊಡೆಗೆ. ಪ್ರತಿ ವಾರ ನರ್ಸು ಬಂದು ಹೋಗುವುದು ಕಷ್ಟವೆಂದು, ಉಪ್ಪುನೀರು ಹಾಯಿಸುವುದನ್ನು ಈಶ್ವರನ್ ಅವರಿಗೇ ಕಲಿಸಿದರು. ಕಲಿಸಿದ್ದು ಮುತ್ತುಮಾರಿ. ಆಸ್ಪತ್ರೆಯ ತಮಿಳು ಕೈಪಿಡಿಯ ಮಾತು ಈ ದ್ರಾಕ್ಷಿ ಬೆಳೆಗಾರರ ತಲೆಗೆ ಹತ್ತುವುದಿಲ್ಲವೆಂದು ಮುತ್ತುಮಾರಿಯದೇ ಒಂದು ಪದ್ಧತಿ ಇತ್ತು. ಇಬ್ಬರಿಗೂ ಮನೆಮಾತಾದ ಕನ್ನಡದಲ್ಲಿ, ಹೊಲದ ಹೋಲಿಕೆ ಕೊಟ್ಟು ಹೇಳುವುದು. “ಇದು ನಿಮ್ಮ ಡ್ರಿಪ್ ಪೈಪಿನಂಗೇ ಮಾವ. ವಾರ ವಾರ ನೀರು ಬುಡದಿದ್ರೆ ಉಪ್ಪು ಕಟ್ಟಿ ಅಡೈಪ್ಪಾಗ್ತದೆ, ನೀರೇ ಓಗೋಕಿಲ್ಲ.” ಈಶ್ವರನ್‌ಗೆ ತಕ್ಷಣ ಅರ್ಥವಾಯಿತು. ಕಲಿಸಿದವರಿಗೂ ಸಂತೋಷವಾಯಿತು.

ಅರ್ಥ ಚೆನ್ನಾಗಿಯೇ ಆಗಿತ್ತು. ಒಂದು ದಿನ ಸಿರಿಂಜು ಒತ್ತಿದರೆ ನೀರು ಹೋಗಲಿಲ್ಲ. ಡ್ರಿಪ್ ಪೈಪು ಕಟ್ಟಿಕೊಂಡರೆ ಏನು ಮಾಡಬೇಕೆಂದು ಈಶ್ವರನ್ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಉಳಿದ ಸಾಲುಗಳನ್ನೆಲ್ಲ ಬಂದ್ ಮಾಡಿ, ಮೋಟಾರಿನ ಬಲವೆಲ್ಲ ಒಂದೇ ಸಾಲಿಗೆ ಕೊಟ್ಟು ತಳ್ಳುವುದು. ತೂತು ಚಿಕ್ಕದಾದಷ್ಟೂ ರಭಸ ಹೆಚ್ಚು. ಅವರು ದೊಡ್ಡ ಸಿರಿಂಜು ಬದಿಗಿಟ್ಟು, ಮನೆಯಲ್ಲಿದ್ದ ಅತಿ ಸಣ್ಣದನ್ನು ಹಚ್ಚಿ, ಹೆಬ್ಬೆರಳೂರಿ ಒತ್ತಿದರು. ಹೋಯಿತು. ಸಂಭ್ರಮದಿಂದ ಫೋನ್ ಮಾಡಿದರು: “ತಾಯೀ, ಕಟ್ಕೊಂಡಿತ್ತು, ನಾನೇ ಬುಡಿಸ್ದೆ!”

ಸಣ್ಣ ಸಿರಿಂಜಿನ ರಭಸಕ್ಕೆ ನಳಿಗೆ ಚರ್ಮದೊಳಗೇ ಸೀಳಿತ್ತು. ಎರಡು ದಿನಕ್ಕೆ ತೊಡೆ ಕೆಂಪಾಗಿ ಊದಿತು, ಆಮೇಲೆ ಚಳಿಜ್ವರ. ಲೈನು ತೆಗೆಯಬೇಕಾಯಿತು. ಆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆ ದಾರಿಯೇ ಮುಚ್ಚಿಹೋಯಿತು. ಕಿಮೋ ಒಂದೂವರೆ ತಿಂಗಳು ನಿಂತಿತು. ಆ ಒಂದೂವರೆ ತಿಂಗಳು ಗಡ್ಡೆ ಸುಮ್ಮನೆ ಕೂರಲಿಲ್ಲ.

“ಬಲ ಆಕಬ್ಯಾಡಿ ಅಂತ ಸೊಲ್ಲಿದ್ದೆ” ಎನ್ನುತ್ತಾರೆ ಮುತ್ತುಮಾರಿ. “ಆದ್ರೆ ಪೈಪು ಅಂತಾನೂ ನಾನೇ ಸೊಲ್ಲಿದ್ದು. ಪೈಪು ಅಂದ್ಮೇಲೆ ಬಲ ಆಕದೆ ಬುಡ್ತಾರಾ? ಅವರು ಪೈಪಿಗೆ ಏನ್ ಮಾಡ್ತಾರೋ ಅದನ್ನೇ ಮಾಡಿದ್ರು. ಈಗ ಯಾವ ಓಲಿಕೇನೂ ಕೊಡೋಕಿಲ್ಲ. ಇದು ನಿಮ್ಮ ಎಂಡ್ತಿ ನರ, ಬೇರೆ ಏನೂ ಅಲ್ಲ, ಅಷ್ಟೇ.”

ಈಶ್ವರನ್ ಅವರನ್ನು ಯಾರೂ ಬೈದಿಲ್ಲ. ಬೈಯದೆ ಇರುವುದು ಎಷ್ಟು ಕಠಿಣ ಶಿಕ್ಷೆ ಎಂದು ಅವರ ಮುಖ ನೋಡಿದರೆ ತಿಳಿಯುತ್ತದೆ. ಅಂದಿನಿಂದ ಮುತ್ತುಮಾರಿ ಪ್ರತಿ ವಾರ ತಾವೇ ಮೊದಲ ಬಸ್ಸಿಗೆ ಬರುತ್ತಾರೆ. ಈಶ್ವರನ್ ಬಾಗಿಲಾಚೆ ಕುಕ್ಕರಗಾಲಲ್ಲಿ ಕೂರುತ್ತಾರೆ, ಎರಡೂ ಅಂಗೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು.

ಇವತ್ತು ಕಿಮೋದ ದಿನ. ಹೊರಡುವ ಮೊದಲು ಲೈನು ಸರಿಯಿದೆಯೇ ಎಂದು ನೋಡಬೇಕು. ಮುತ್ತುಮಾರಿ ಬಾಯಿ ಮೂಗು ಮುಚ್ಚಿಕೊಂಡು, ಲೈನಿನ ತುದಿಯನ್ನು ಬಹಳ ಹೊತ್ತು ಉಜ್ಜಿ, ಸಿರಿಂಜು ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾರೆ. ರಕ್ತ ಬರಬೇಕು.

ಬರುವುದಿಲ್ಲ.

“ಅತ್ತೆ, ಕೊಂಚ ಕೆಮ್ಮಿ.”

ಮಾರಿಯಮ್ಮಾಳ್ ಕೆಮ್ಮುತ್ತಾರೆ. ಬರುವುದಿಲ್ಲ. ಎಡಕ್ಕೆ ಹೊರಳಿಸುತ್ತಾರೆ, ಬಲಕ್ಕೆ ಹೊರಳಿಸುತ್ತಾರೆ, ಮಂಡಿ ಮಡಿಸಿ ನೀಡಿಸುತ್ತಾರೆ. ಸಿರಿಂಜು ಖಾಲಿ.

“ಬಂತಾ?” ಎಂದು ಬಾಗಿಲಾಚೆಯಿಂದ ಈಶ್ವರನ್.

ಮುತ್ತುಮಾರಿ ಇನ್ನೊಮ್ಮೆ ಎಳೆದು ನೋಡುತ್ತಾರೆ.

“ಮುತ್ತು,” ಎಂದು ಮಾರಿಯಮ್ಮಾಳ್ ದನಿ ತಗ್ಗಿಸುತ್ತಾರೆ, “ಕೊಂಚ ಒತ್ತಿ ನೋಡು ನನ್ ಕಣ್ಣೇ. ನಿನ್ನ ಕೈ ಅಲ್ವಾ, ಏನೂ ಆಗೋಕಿಲ್ಲ.”

“ನನ್ನ ಕೈಯೂ ಕೈಯೇ ಅತ್ತೆ.”

ಮುತ್ತುಮಾರಿ ಒತ್ತುವುದಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಮಾಡದೆ ಇರುವುದರಲ್ಲೇ ಇದೆ. ನೋಡುವವರಿಗೆ ಕಾಣುವುದು, ಒಬ್ಬ ಹೆಂಗಸು ಸಿರಿಂಜು ಹಿಡಿದು ಸುಮ್ಮನೆ ಕೂತಿದ್ದಾಳೆ ಎಂದಷ್ಟೇ. ಹಣೆಯಿಂದ ಇಳಿದ ಬೆವರು ಮುಖಗವಸಿನ ಅಂಚನ್ನು ನೆನೆಸುತ್ತಿದೆ. ಅವರು ತುದಿಯನ್ನು ಮುಚ್ಚಿ, ಪಟ್ಟಿ ಅಂಟಿಸಿ, ಜನನಿಯವರಿಗೆ ಫೋನು ಹಚ್ಚುತ್ತಾರೆ. ಬಾಗಿಲು ತೆರೆದಾಗ ಈಶ್ವರನ್ ಎದ್ದು ನಿಂತಿದ್ದಾರೆ.

“ನಾನು ಮುಟ್ಟಲಿಲ್ಲ ತಾಯೀ. ಮುರುಗನಾಣೆ ಮುಟ್ಟಲಿಲ್ಲ.”

“ಗೊತ್ತು ಮಾವ. ಇದು ತಾನಾಗೇ ಆಗೋದು. ಕಾರು ಕರೀರಿ.”

ತೇನಿಯ ದಾರಿಯಲ್ಲಿ ಡ್ರೈವರು ಹಾಡು ಹಾಕುತ್ತಾನೆ, ಕನ್ನಡಿಯಲ್ಲಿ ಮುಖಗಳನ್ನು ನೋಡಿ ತಾನೇ ನಿಲ್ಲಿಸುತ್ತಾನೆ. ಆಸ್ಪತ್ರೆಯಲ್ಲಿ ಜನನಿಯವರು ಹೆಪ್ಪು ಕರಗಿಸುವ ಔಷಧವನ್ನು ಲೈನಿನೊಳಗೆ ತುಂಬಿಸುತ್ತಾರೆ, ಒತ್ತದೆ, ಅದು ತಾನಾಗಿ ಒಳಕ್ಕೆ ಎಳೆದುಕೊಳ್ಳುವಷ್ಟೇ. ಆಮೇಲೆ ಕಾಯಬೇಕು. ಮುತ್ತುಮಾರಿ ವಾರ್ಡಿನ ಬೇರೆ ಹಾಸಿಗೆಗಳ ನಡುವೆ ಓಡಾಡುತ್ತಾರೆ, ಯಾರಿಗೋ ಬೆಡ್‌ಪ್ಯಾನ್ ಕೊಡುತ್ತಾರೆ, ಯಾರನ್ನೋ ಗದರುತ್ತಾರೆ. ಪ್ರತಿ ಸುತ್ತಿಗೂ ಈ ಮಂಚದ ಪಕ್ಕದಲ್ಲೇ ಹಾಯುತ್ತಾರೆ, ಮಂಚದ ಕಡೆ ನೋಡುವುದಿಲ್ಲ.

ಮೊದಲ ಸಲ ಎಳೆದಾಗ ಬರಲಿಲ್ಲ. ಮತ್ತೊಮ್ಮೆ ತುಂಬಿಸಿ, ಮತ್ತೆ ಕಾದು, ಮಧ್ಯಾಹ್ನ ಎಳೆದಾಗ ಸಿರಿಂಜಿನೊಳಗೆ ಒಂದು ಕಪ್ಪು ದಾರದೆಳೆ, ಅದರ ಹಿಂದೆಯೇ ಕೆಂಪು.

“ರತ್ತ!” ಎಂದು ಈಶ್ವರನ್ ವಾರ್ಡಿನ ಬಾಗಿಲಲ್ಲಿ ಕೂಗುತ್ತಾರೆ. ಕ್ಯಾನ್ಸರ್ ವಾರ್ಡಿನಲ್ಲಿ ರಕ್ತ ಕಂಡು ಒಬ್ಬ ಮನುಷ್ಯ ಇಷ್ಟು ಖುಷಿಪಡುವುದನ್ನು ನೋಡಿ ಪಕ್ಕದ ಹಾಸಿಗೆಯವರು ಎದ್ದು ಕೂರುತ್ತಾರೆ. ಈಶ್ವರನ್ ಕ್ಯಾಂಟೀನಿಗೆ ಹೋಗಿ ಇಡೀ ವಾರ್ಡಿಗೆ ಬನ್ನು ತರುತ್ತಾರೆ. ಅಲ್ಲಿ ಅರ್ಧಕ್ಕರ್ಧ ಜನಕ್ಕೆ ಬನ್ನು ನುಂಗಲು ಆಗುವುದಿಲ್ಲ. ಆದರೂ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅಂದು ಕಿಮೋ ಹನಿ ಹನಿಯಾಗಿ ಎಡತೊಡೆಯಿಂದ ಒಳಗೆ ಹೋಗುತ್ತದೆ. ಮುಂದಿನ ಸಲವೂ, ಅದರ ಮುಂದಿನ ಸಲವೂ ಹೋಗುತ್ತದೆ.

ಆಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಎದೆ ದಾಟಿ ಯಕೃತ್ತಿಗೆ ಇಳಿದಿರುವುದು ಕಾಣುತ್ತದೆ. ಜನನಿಯವರು ಈಶ್ವರನ್ ಅವರನ್ನೂ ಮಾರಿಯಮ್ಮಾಳ್ ಅವರನ್ನೂ ಕೂರಿಸಿಕೊಂಡು, ಇನ್ನು ಕಿಮೋದಿಂದ ತೊಂದರೆಯೇ ಹೆಚ್ಚು, ಮನೆಯಲ್ಲಿ ನೋವಿಗೆ ಮಾತ್ರೆ ಕೊಡುತ್ತೇವೆ ಎಂದು ಹೇಳುತ್ತಾರೆ. ಈಶ್ವರನ್ ಕೇಳುವುದು ಒಂದೇ: “ಲೈನು ನಲ್ಲಾ ಇದೆಯಲ್ಲ ಡಾಕ್ಟರಮ್ಮ?”

ಲೈನು ನಿಜಕ್ಕೂ ಚೆನ್ನಾಗಿದೆ. ಎಳೆದರೆ ರಕ್ತ ಬರುತ್ತದೆ, ಬಿಟ್ಟರೆ ನೀರು ಹೋಗುತ್ತದೆ. ಅದರಲ್ಲಿ ಹಾಕಲು ಮಾತ್ರ ಯಾರ ಬಳಿಯೂ ಏನೂ ಇಲ್ಲ.

ಅದಾಗಿ ಎರಡು ವಾರವೂ ಮುತ್ತುಮಾರಿ ಮೊದಲ ಬಸ್ಸಿಗೆ ಬಂದು, ಕೈ ತೊಳೆದು, ಆ ಲೈನಿಗೆ ಉಪ್ಪುನೀರು ಹಾಯಿಸುತ್ತಾರೆ. ತೆಗೆಯಬಹುದೆಂದು ಡಾಕ್ಟರು ಹೇಳಿದ್ದಾರೆ. ತೆಗೆದರೆ ಎಲ್ಲ ಮುಗಿಯಿತೆಂದು ಮನೆಯವರಿಗೆ ಅನ್ನಿಸುತ್ತದೆ, ಆದ್ದರಿಂದ ಯಾರೂ ಮಾತೆತ್ತುವುದಿಲ್ಲ. ಮೂರನೆಯ ವಾರ ಮಾತೆತ್ತುವವರು ಮಾರಿಯಮ್ಮಾಳ್. ದನಿ ಈಗ ಬಹಳ ಸಣ್ಣದಾಗಿದೆ.

“ಮುತ್ತು, ಇದನ್ನ ತೆಗೆದ್ಬುಡು.”

“ಯಾಕತ್ತೆ, ವಲಿಯಾ?” ಎಂದು ಮುತ್ತುಮಾರಿ ನೋವು ವಿಚಾರಿಸುತ್ತಾರೆ.

“ವಲಿ ಇಲ್ಲ. ನೆಲದ ಮ್ಯಾಲೆ ಚಕ್ಕಳಮಕ್ಕಳ ಆಕ್ಕೊಂಡು ಉಣ್ಣಬೇಕು. ಒಂದೊರ್ಷ ಆಯ್ತು, ಮಂಚದ ಮ್ಯಾಲೆ ಕಾಲು ನೀಟ್ಕೊಂಡು, ಸೀಕಾದ ಎಮ್ಮೆಯಂಗೆ ಉಂಡು ಉಂಡು ಸಾಕಾಯ್ತು.”

ಆಚೆ ಕುಕ್ಕರಗಾಲಲ್ಲಿ ಕೂತವರು ಬೇಡ ಎನ್ನಬಹುದೆಂದು ಇಬ್ಬರೂ ಒಂದು ಗಳಿಗೆ ಕಾಯುತ್ತಾರೆ. ಏನೂ ಕೇಳಿಸುವುದಿಲ್ಲ. ಮುತ್ತುಮಾರಿ ಜನನಿಯವರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಪಟ್ಟಿ ಬಿಡಿಸಿ, ನಳಿಗೆಯನ್ನು ಇಷ್ಟಿಷ್ಟೇ ಎಳೆಯುತ್ತಾರೆ. ಸುಲಭವಾಗಿ ಬರುತ್ತದೆ. ತುದಿ ತುಂಡಾಗದೆ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಹತ್ತಿಯಿಟ್ಟು ಒತ್ತಿಕೊಂಡು ಕೂರುತ್ತಾರೆ. ಒತ್ತಿಕೊಂಡೇ ಮಾತು: ಈ ಸಲದ ಕೊಯ್ಲು, ಕೊಚ್ಚಿಗೆ ಹೋದ ಲೋಡು, ಮಂಡಿಯ ಎಣ್ಣೆ ತಂದ ಎದುರುಮನೆಯವಳ ಸೊಸೆ. ರಕ್ತ ನಿಂತು, ಮಾರಿಯಮ್ಮಾಳ್ ಇನ್ನೂ ಸ್ವಲ್ಪ ಹೊತ್ತು ಮಲಗಿದ್ದು, ಆಮೇಲೆ ಗಂಡನ ಹೆಗಲು ಹಿಡಿದು ಇಳಿದು, ನಡುಮನೆಯ ನೆಲದಲ್ಲಿ ಕಾಲು ಮಡಚಿ ಕೂರುತ್ತಾರೆ. ಎರಡು ತುತ್ತು ಇಡ್ಲಿ. ಮೂರನೆಯದು ಇಳಿಯುವುದಿಲ್ಲ. ಆದರೂ ಎಲೆ ಮುಂದಿಟ್ಟುಕೊಂಡು ಬಹಳ ಹೊತ್ತು ಹಾಗೆಯೇ ಕೂತಿರುತ್ತಾರೆ. ಮುತ್ತುಮಾರಿಗೂ ಎಲೆ ಬೀಳುತ್ತದೆ. ಒಂಬತ್ತರ ಡ್ಯೂಟಿ ಅಂದು ತಪ್ಪುತ್ತದೆ.

ಬಸ್ಸಿಗೆ ಕಾಯುತ್ತಾ, ಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದರೆ ಮುತ್ತುಮಾರಿ ಮೊದಲು, ಮೊದಲ ಬಸ್ಸು ಇನ್ನೂ ಒಂದು ಗಳಿಗೆ ಬೇಗ ಬಂದರೆ ಸಾಕು ಎನ್ನುತ್ತಾರೆ. ಆಮೇಲೆ ರಸ್ತೆಯ ತಿರುವಿನತ್ತ ನೋಡುತ್ತಾರೆ.

“ತೊಡೆ ಲೈನು ಎಷ್ಟೋ ತೆಗ್ದಿದೀನಿ. ಕಟ್ಕೊಂಡಿದ್ದಕ್ಕೆ ತೆಗ್ದಿದೀನಿ, ಕೀವಾಗಿದ್ದಕ್ಕೆ ತೆಗ್ದಿದೀನಿ, ಆಳು ತೀರ್ಕೊಂಡ್ಮೇಲೆ ತೆಗ್ದಿದೀನಿ. ಆಂಡಿಪಟ್ಟಿ ಕಡೆ ಒಂದು ಕಾಲೇಜು ಉಡುಗಿ, ಅವಳೊಬ್ಳು ಪೂರಾ ಗುಣ ಆದ್ಲು. ಆರು ತಿಂಗಳು ಓಡಾಡಿ ಕಾಪಾಡಿದ್ದು ನಾನು, ತೆಗೆದದ್ದು ಮದುರೆಯ ಯಾವನೋ ಡಾಕ್ಟ್ರು. ಅವನಿಗೆ ಗೊತ್ತೂ ಇರೋಕಿಲ್ಲ ಅವನೇನು ತೆಗ್ದ ಅಂತ.” ಬಸ್ಸು ತಿರುವಿನಲ್ಲಿ ಕಾಣಿಸುತ್ತದೆ. ಅವರು ಚೀಲ ಹೆಗಲಿಗೇರಿಸುತ್ತಾರೆ. “ಒಂದೇ ಒಂದು ಸಲ, ಗುಣ ಆಯ್ತು, ಮದ್ದು ಮುಗೀತು, ಇನ್ನು ಇದು ಬ್ಯಾಡ ಅಂತ ನನ್ನ ಕೈಯಾಗೆ ತೆಗೀಬೇಕು. ತೆಗೆದು, ಅಂಗೇ ಎದ್ದು ನಡ್ಕೊಂಡು ಒಂಟೋಗಿ ಅನ್ನಬೇಕು.”